ಕುದ್ಮುಲ್ ರಂಗರಾವ್

ಕುದ್ಮುಲ್ ರಂಗರಾವ್ (1859–1928): ಮಂಗಳೂರಿನ ವಕೀಲರು, ಸಮಾಜ ಸುಧಾರಕರು. ಕಾಸರಗೋಡಿನ ಸಾರಸ್ವತ ಮನೆತನದಲ್ಲಿ ಜನನ. ಬೈಂದೂರು, ಕುಂದಾಪುರದಿಂದ ಕಾಸರಗೋಡಿನವರೆಗೆ ಹರಡಿದ್ದ ಅಂದಿನ ದಕ್ಷಿಣ ಕೆನರಾದಲ್ಲಿ ದಲಿತರ ಗುಡಿಸಲು ನಿಂತಿದ್ದು ಬಹುಪಾಲು ಒಡೆಯರ ನೆಲದಲ್ಲಿ. ಎಬ್ಬಿಸಿದ ದಿನ ಎದ್ದು ಹೋಗಬೇಕು. ಸ್ವಂತ ನೆಲವಿಲ್ಲದವನಿಗೆ ಅಕ್ಷರವೊಂದೇ ಸಾಲದೆಂಬುದನ್ನು ರಂಗರಾಯರು ಬೇಗನೆ ಕಂಡುಕೊಂಡರು. ಅವರ ನಿಜವಾದ ದೊಡ್ಡತನ ಇರುವುದು ಇಲ್ಲಿಯೇ.

1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ಶಾಲೆಗಳನ್ನು ತೆರೆದರು. ಮಕ್ಕಳಿಗೆ ಮಧ್ಯಾಹ್ನದ ಊಟ. ಮಂಗಳೂರಿನ ಶೇಡಿಗುಡ್ಡೆಯಲ್ಲಿ ಮಗ್ಗ, ಮರಗೆಲಸದ ತರಬೇತಿ. ಸರ್ಕಾರದಿಂದ ಜಾಗ ಪಡೆದು ಮಂಗಳೂರಿನ ಗುಡ್ಡಗಳ ಮೇಲೆ ದಲಿತ ಕುಟುಂಬಗಳಿಗೆ ನಿವೇಶನ ಹಂಚಿ ಕಾಲೊನಿಗಳನ್ನು ಎಬ್ಬಿಸಿದರು. ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ದಲಿತರಿಗೆ ಸ್ಥಾನ ಸಿಗುವಂತೆಯೂ ಶ್ರಮಿಸಿದರು. ಸ್ವಜಾತಿಯವರ ಬಹಿಷ್ಕಾರಕ್ಕೆ ಅಂಜಲಿಲ್ಲ. ಮಗಳು ರಾಧಾಬಾಯಿಯ ಅಂತರ್ಜಾತಿ ವಿವಾಹ ನೆರವೇರಿತು, ಅಳಿಯ ಪಿ. ಸುಬ್ಬರಾಯನ್ ಮುಂದೆ ಮದ್ರಾಸಿನ ಮುಖ್ಯಮಂತ್ರಿಯಾದರು.

ಕೊನೆಗಾಲದಲ್ಲಿ ಸನ್ಯಾಸ ಪಡೆದು ಈಶ್ವರಾನಂದರಾದರು. 1928ರ ಜನವರಿ 30ರಂದು ನಿಧನ. ಅವರ ಇಚ್ಛೆಯಂತೆ ಶವಕ್ಕೆ ಹೆಗಲು ಕೊಟ್ಟವರು ಪೌರಕಾರ್ಮಿಕರು. 1934ರಲ್ಲಿ ಗಾಂಧೀಜಿ ಮಿಷನ್ನಿಗೆ ಭೇಟಿ ಕೊಟ್ಟರು. ಮಂಗಳೂರಿನ ಪುರಭವನಕ್ಕೆ ಈಗ ರಂಗರಾಯರ ಹೆಸರಿದೆ.