ವಜ್ರಲೇಪದಿಂದ ಎಪಾಕ್ಸಿಯವರೆಗೆ: ಸೋರಿಕೆಯನ್ನು ತಡೆದ ಕಥೆ

ಬೆಳಗಾವಿಯಿಂದ ಗೋವೆಗೆ ಇಳಿಯುವ ಹೆದ್ದಾರಿಗಳು ಎರಡು. ಒಂದು ಖಾನಾಪುರ, ರಾಮನಗರಗಳನ್ನು ಹಾಯ್ದು ಅನಮೋಡದ ಘಟ್ಟವನ್ನು ಇಳಿಯುತ್ತದೆ. ಇನ್ನೊಂದು ಜಾಂಬೋಟಿ, ಕಣಕುಂಬಿಗಳ ಮೇಲೆ ಸಾಗಿ ಚೋರ್ಲಾ ಘಟ್ಟದಲ್ಲಿ ಇಳಿಯುತ್ತದೆ. ಮಲಪ್ರಭೆ ಹುಟ್ಟುವ ಈ ಸೀಮೆಯ ಮಳೆ ಎಂಥದೆಂಬುದನ್ನು ಬಲ್ಲವರೇ ಬಲ್ಲರು. ರಸ್ತೆ ಕಿತ್ತು ಕಲ್ಲು ಮೇಲೆದ್ದಾಗ, ಆ ಕಲ್ಲಿಗೆ ಮೋಟಾರಿನ ಹೊಟ್ಟೆ ತಗಲಿ ಎಣ್ಣೆಯ ತೊಟ್ಟಿಗೆ ಸೀಳು ಬಿದ್ದರೆ, ಹತ್ತಿರದಲ್ಲಿ ಗ್ಯಾರೇಜೂ ಇಲ್ಲ, ಬೆಸುಗೆಯವನೂ ಇಲ್ಲ. ಆಗ ಚಾಲಕನು ಪೆಟ್ಟಿಗೆಯಿಂದ ಎರಡು ಬಣ್ಣದ ಜಿಗಿ ಮುದ್ದೆಗಳನ್ನು ತೆಗೆದು, ಚಪಾತಿಯ ಹಿಟ್ಟಿನಂತೆ ನಾದಿ, ಸೀಳಿನ ಮೇಲೆ ಒತ್ತುತ್ತಾನೆ. ಕೆಲವು ಗಂಟೆಗಳಲ್ಲಿ ಆ ಮುದ್ದೆ ಕಲ್ಲಾಗುತ್ತದೆ. ಇದಕ್ಕೆ ಎಪಾಕ್ಸಿ ಎಂದು ಹೆಸರು. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಈ ಮುದ್ದೆಯ ಹಿಂದೆ ಎಷ್ಟು ದೊಡ್ಡ ಇತಿಹಾಸವಿದೆಯೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮಾತಿನಿಂದಲೇ ಆರಂಭಿಸೋಣ. ನಮ್ಮ ಭಾಷೆಯಲ್ಲಿ ‘ಬೆಸೆ’ ಎಂದರೆ ಕೂಡಿಸು. ಅದರಿಂದ ‘ಬೆಸುಗೆ’ ಬಂದಿತು. ಲೋಹಕ್ಕೂ ಬೆಸುಗೆ, ಮನಸ್ಸಿಗೂ ಬೆಸುಗೆ. ವ್ಯಾಕರಣದಲ್ಲಿ ಸಂಧಿಯೆಂಬುದೂ ಒಂದು ಬೆಸುಗೆಯೇ. ಮನೆ ಎಂಬುದಕ್ಕೆ ‘ಅನ್ನು’ ಸೇರುವಾಗ ನಡುವೆ ಯಕಾರವು ಬಂದು ನಿಂತು ‘ಮನೆಯನ್ನು’ ಆಗುತ್ತದೆ. ಇದನ್ನು ಆಗಮಸಂಧಿ ಎನ್ನುತ್ತೇವೆ. ಎರಡು ತಾಮ್ರದ ತಗಡುಗಳ ನಡುವೆ ಸೀಸ ತವರಗಳ ರಸವು ಬಂದು ನಿಲ್ಲುವುದೂ ಹೀಗೆಯೇ. ತಗಡುಗಳು ಕರಗುವುದಿಲ್ಲ, ತಮ್ಮ ರೂಪ ಬಿಡುವುದಿಲ್ಲ. ನಡುವೆ ಬಂದದ್ದು ಎರಡನ್ನೂ ಹಿಡಿದಿರುತ್ತದೆ.

ಲೋಹದ ಬೆಸುಗೆಗೆ ಬೆಂಕಿ ಬೇಕು. ಬೆಂಕಿಯನ್ನು ತಾಳದ ವಸ್ತುಗಳಿಗೆ ಏನು ಮಾಡಬೇಕು? ಇದಕ್ಕೆ ಕಾಡು ಉತ್ತರ ಕೊಟ್ಟಿತು. ಮರದಿಂದ ಒಸರುವ ರಾಳ, ಗುಗ್ಗುಳ, ಹಾಲ್ಮಡ್ಡಿಗಳು. ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಕಟ್ಟುವ ಅರಗು. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಕೇಳದವರಿಲ್ಲ. ಅರಗು ಕಾಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಮತ್ತೆ ಕಾಸಿದರೆ ಮತ್ತೆ ಕರಗುತ್ತದೆ. ಈ ಕೊನೆಯ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಅರಗಿನ ಬಲವೂ ಅದೇ, ದೌರ್ಬಲ್ಯವೂ ಅದೇ.

ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಎಳೆಯ ತೂಬರೆಕಾಯಿ, ಬೇಲದ ಕಾಯಿ, ಬೂರುಗದ ಹೂ, ಬಜೆ ಮೊದಲಾದವುಗಳನ್ನು ನೀರಿನಲ್ಲಿ ಹಾಕಿ ಎಂಟನೆಯ ಒಂದು ಪಾಲು ಉಳಿಯುವವರೆಗೆ ಕುದಿಸಬೇಕು. ಆ ಕಷಾಯಕ್ಕೆ ಗುಗ್ಗುಳ, ರಾಳ, ಕರಿಗೇರು, ಅಗಸೆ, ಬಿಲ್ವದ ತಿರುಳು ಮುಂತಾದವನ್ನು ಅರೆದು ಕೂಡಿಸಿ, ಬಿಸಿಯಾಗಿರುವಾಗಲೇ ದೇವಾಲಯ, ಮಾಳಿಗೆ, ಪ್ರತಿಮೆ, ಗೋಡೆ, ಬಾವಿಗಳಿಗೆ ಹಚ್ಚಬೇಕು. ಅದು ಕೋಟಿ ವರ್ಷ ನಿಲ್ಲುತ್ತದೆಂದು ಆಚಾರ್ಯನ ಭರವಸೆ. ಕೋಟಿಯ ಮಾತು ಅತಿಶಯೋಕ್ತಿಯಿರಬಹುದು. ಆದರೆ ಸಾಮಗ್ರಿಯ ಆಯ್ಕೆಯಲ್ಲಿ ಅತಿಶಯೋಕ್ತಿಯಿಲ್ಲ. ಅಗಸೆಯ ಎಣ್ಣೆಯು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ, ಕಣಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಮೇಲೆ ಮತ್ತೆ ಎಣ್ಣೆಯಾಗುವುದಿಲ್ಲ. ಅರಗಿಗಿಲ್ಲದ ಗುಣ ಇದು.

ನಮ್ಮ ನಾಡಿನ ಸಾಕ್ಷ್ಯವೂ ಇದೆ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಜ್ರಲೇಪದ ಬೇರೊಂದು ಪಾಕವಿದೆ. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿ, ಬೇಕೆಂದಾಗ ಬಿಸಿನೀರಿನಲ್ಲಿ ಕರಗಿಸಿ ಚಿತ್ರದ ಬಣ್ಣಕ್ಕೆ ಬೆರೆಸುವುದು. ಅಂಟಿನ ಪಾಕವನ್ನು ಅರಸನೇ ಬರೆದಿಟ್ಟನೆಂದರೆ ಆ ಕಾಲದಲ್ಲಿ ಕುಶಲಕರ್ಮಕ್ಕೆ ಎಂಥ ಮರ್ಯಾದೆಯಿತ್ತೆಂಬುದನ್ನು ಊಹಿಸಬಹುದು.

ಖಾನಾಪುರ ತಾಲೂಕಿನ ಹಲಸಿಯ ಹೆಸರು ಇಲ್ಲಿ ಬರಬೇಕು. ಕದಂಬರ ಎರಡನೆಯ ರಾಜಧಾನಿಯೆನಿಸಿದ ಈ ಊರಿನಲ್ಲಿ ಅವರ ತಾಮ್ರಶಾಸನಗಳು ದೊರೆತಿವೆ. ತಾಮ್ರದ ಹಲಗೆಗಳನ್ನು ಒಂದು ಉಂಗುರದಲ್ಲಿ ಕೋದು, ಆ ಉಂಗುರದ ಎರಡು ತುದಿಗಳನ್ನು ರಾಜಮುದ್ರೆಯ ಬುಡದಲ್ಲಿ ಬೆಸೆಯುವುದು ತಾಮ್ರಶಾಸನಗಳ ರೂಢಿ. ಇಂಥ ಶಾಸನವು ಕೈಗೆ ಬಂದಾಗ ಉಂಗುರವು ಅಖಂಡವಾಗಿದ್ದಿತೋ, ಮೊದಲೇ ಕತ್ತರಿಸಿದ್ದಿತೋ ಎಂಬುದನ್ನು ಸಂಶೋಧಕರು ತಪ್ಪದೆ ಬರೆದಿಡುತ್ತಾರೆ. ಏಕೆಂದರೆ ಬೆಸುಗೆ ಒಡೆದಿದ್ದರೆ ನಡುವೆ ಯಾರೋ ಹಲಗೆಯನ್ನು ಬದಲಿಸಿರಬಹುದು. ಬೆಸುಗೆಯೆಂಬುದು ಬರಿಯ ಕೂಡಿಕೆಯಲ್ಲ, ನಂಬಿಕೆಯ ಗುರುತೂ ಹೌದು. ಈ ಮಾತಿಗೆ ಲೇಖನದ ಕೊನೆಯಲ್ಲಿ ಮತ್ತೆ ಬರಬೇಕಾಗಿದೆ.

ಇನ್ನು ಮೋಟಾರಿನ ಕಾಲ. 1900–01ರ ಸುಮಾರಿಗೆ ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಎಂಬ ಎಂಜಿನಿಯರು ಮರ್ಸಿಡಿಸ್ ಗಾಡಿಗೆ ಜೇನುಗೂಡಿನ ಮಾದರಿಯ ರೇಡಿಯೇಟರನ್ನು ರಚಿಸಿದನು. ಎಂಜಿನ್ನಿನ ಕಾವನ್ನು ಇಳಿಸುವ ಸಮಸ್ಯೆ ಪರಿಹಾರವಾಯಿತು. ಆದರೆ ಸಾವಿರಾರು ಬೆಸುಗೆಗಳುಳ್ಳ ಆ ಜೇನುಗೂಡಿನೊಡನೆ ಸೋರಿಕೆಯ ಸಮಸ್ಯೆಯೂ ಬಂದಿತು. ನಮ್ಮ ಭಾಗದಲ್ಲಿ, ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1948ರಲ್ಲಿ ಸರಕಾರಿ ಬಸ್ಸುಗಳ ವ್ಯವಸ್ಥೆ ಆ ರಾಜ್ಯದಲ್ಲಿ ಆರಂಭವಾಯಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬಸ್ಸು ಲಾರಿಗಳು ಹೆಚ್ಚಿದಂತೆ ದಾರಿಯ ವೈದ್ಯವೂ ಬೆಳೆಯಿತು.

ಆ ವೈದ್ಯದ ಎರಡು ಮದ್ದುಗಳನ್ನು ಹೇಳಲೇಬೇಕು. ರೇಡಿಯೇಟರು ಸೋರತೊಡಗಿದರೆ ಅರಿಸಿನ ಪುಡಿಯನ್ನು ನೀರಿಗೆ ಹಾಕುವುದು ಮೊದಲನೆಯದು. ಪುಡಿಯು ನೀರಿನೊಡನೆ ಹರಿದು ಹೋಗಿ, ತೂತಿನ ಬಾಯಲ್ಲಿ ಉಬ್ಬಿ ಕುಳಿತು ಅದನ್ನು ಮುಚ್ಚುತ್ತದೆ. ಆದರೆ ಸೋರುವ ತೂತು ಯಾವುದು, ನೀರು ಹರಿಯಬೇಕಾದ ನಾಳ ಯಾವುದೆಂಬ ವಿವೇಕ ಅರಿಸಿನಕ್ಕಿಲ್ಲ. ಊರು ಮುಟ್ಟಿದ ಮೇಲೆ ತೊಳೆಯದಿದ್ದರೆ ಒಳ್ಳೆಯ ನಾಳಗಳೂ ಕಟ್ಟುತ್ತವೆ. ಪೆಟ್ರೋಲ್ ಟಾಂಕಿ ಸೋರಿದರೆ ಬಟ್ಟೆಯ ಸಾಬೂನನ್ನು ಉಜ್ಜಿ ತುಂಬುವುದು ಎರಡನೆಯದು. ಸಾಬೂನು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ರಸಾಯನಶಾಸ್ತ್ರವನ್ನು ಓದದ ಚಾಲಕರು ಅನುಭವದಿಂದ ಕಂಡುಕೊಂಡ ಸತ್ಯವಿದು.

ಈಗ ಎಪಾಕ್ಸಿಯ ಜನ್ಮಕ್ಕೆ ಬರೋಣ. ಅದರ ವಂಶದ ಮೂಲವು ಮತ್ತೆ ಅರಗಿಗೇ ಒಯ್ಯುತ್ತದೆ. ಹಳೆಯ ಗ್ರಾಮಫೋನ್ ತಟ್ಟೆಗಳು ಅರಗಿನಿಂದ ಆದಂಥವು. ವಿದ್ಯುತ್ತಿನ ತಂತಿಗಳ ನಿರೋಧಕ್ಕೂ ಅರಗೇ ಬೇಕಾಗಿತ್ತು. ಭಾರತದಿಂದ ಬರುವ ಅರಗಿಗೆ ಬದಲಿಯನ್ನು ಹುಡುಕುತ್ತ ಅಮೆರಿಕದಲ್ಲಿ ಲಿಯೋ ಬೇಕಲಾಂಡನು 1907ರಲ್ಲಿ ಬೇಕಲೈಟನ್ನು ಕಂಡುಹಿಡಿದನು. ನಿಮ್ಮ ಹಿರಿಯರ ಮನೆಯಲ್ಲಿದ್ದ ಕಂದು ಬಣ್ಣದ ರೇಡಿಯೊ ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿರಿ; ಅಂಥ ಅನೇಕ ಪೆಟ್ಟಿಗೆಗಳು ಬೇಕಲೈಟಿನವು. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ, ಮನುಷ್ಯನೇ ಮಾಡಿದ ರಾಳ ಅದು.

ಎಪಾಕ್ಸಿ ಹುಟ್ಟಿದ್ದು ಮೋಟಾರಿಗಾಗಿ ಅಲ್ಲ, ಹಲ್ಲಿಗಾಗಿ! ಸ್ವಿಟ್ಜರ್ಲೆಂಡಿನ ರಸಾಯನಜ್ಞ ಪಿಯೇರ್ ಕಾಸ್ತಾನನು ದಂತವೈದ್ಯದ ಸಾಮಗ್ರಿ ತಯಾರಿಸುವ ಕಂಪನಿಯಲ್ಲಿದ್ದು, ಕೃತಕ ದಂತಪಂಕ್ತಿಗೆ ತಕ್ಕ ರಾಳವನ್ನು ಹುಡುಕುತ್ತಿದ್ದನು. 1938ರಲ್ಲಿ ಅವನು ಎಪಾಕ್ಸಿ ರಾಳಕ್ಕೆ ಪೇಟೆಂಟಿನ ಅರ್ಜಿ ಸಲ್ಲಿಸಿದನು. ಹಲ್ಲಿನ ವ್ಯಾಪಾರದಲ್ಲಿ ಅದು ನಡೆಯಲಿಲ್ಲ. ಬಾಸೆಲ್ ನಗರದ ಸೀಬಾ ಕಂಪನಿ ಅದರ ಹಕ್ಕನ್ನು ಪಡೆದು, ಲೋಹವನ್ನು ಹಿಡಿಯುವ ಅದರ ಶಕ್ತಿಯನ್ನು ಕಂಡು, 1946ರಲ್ಲಿ ಅರಾಲ್ಡೈಟ್ ಎಂಬ ಹೆಸರಿನಲ್ಲಿ ಪ್ರದರ್ಶನಕ್ಕಿಟ್ಟಿತು. ಅದೇ ದಶಕದಲ್ಲಿ ಅಮೆರಿಕದಲ್ಲಿ ಸಿಲ್ವನ್ ಗ್ರೀನ್‌ಲೀ ಎಂಬಾತನು ಬಣ್ಣದ ಕಂಪನಿಯೊಂದರಲ್ಲಿ ಇದೇ ಬಗೆಯ ರಾಳವನ್ನು ಬೇರೆ ದಾರಿಯಿಂದ ಮುಟ್ಟಿದನು. ನಮ್ಮ ದೇಶದಲ್ಲಿ ನಾದುವ ಮುದ್ದೆಯ ರೂಪದಲ್ಲಿ ಎಮ್-ಸೀಲ್ ಮನೆಮಾತಾಯಿತು. ಮಹೀಂದ್ರ ಬಳಗದಲ್ಲಿದ್ದ ಆ ಹೆಸರನ್ನು 2000ದಲ್ಲಿ ಪಿಡಿಲೈಟ್ ಕಂಪನಿ ಕೊಂಡಿತು. ಭಾರತದ ಅರಾಲ್ಡೈಟ್ ವ್ಯಾಪಾರವೂ 2020ರಲ್ಲಿ ಅದೇ ಕಂಪನಿಗೆ ಸೇರಿತು.

ಇದರ ಮರ್ಮವೇನು? ಒಂದು ಮುದ್ದೆಯಲ್ಲಿ ರಾಳವಿದೆ, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ಕ್ಷಾರಗುಣದ ದ್ರವ್ಯವಿದೆ. ಬೇರೆಬೇರೆಯಾಗಿರುವಾಗ ಎರಡೂ ಮೆತ್ತಗೆ. ಕೂಡಿದೊಡನೆ ರಾಳದ ಸರಪಳಿಗಳ ತುದಿಗಳನ್ನು ಆ ದ್ರವ್ಯವು ಹಿಡಿದು ಗಂಟು ಹಾಕುತ್ತ ಬಲೆ ನೇಯುತ್ತದೆ. ನೇಯುವಾಗ ಕಾವು ಹುಟ್ಟುತ್ತದೆ. ಮುದ್ದೆ ಬೆಚ್ಚಗಾಗುವುದು ಅದಕ್ಕೇ. ಬಲೆ ಪೂರ್ತಿಯಾದ ಮೇಲೆ ಅದನ್ನು ಬಿಡಿಸಲಾಗದು. ಖಾನಾಪುರದ ಕುಂಬಾರರಿಗೆ ಈ ತತ್ತ್ವ ಹೊಸದಲ್ಲ. ಆ ಊರು ಕೆಂಪು ಮಣ್ಣಿನ ಕುಂಬಾರಿಕೆಗೆ ಹೆಸರಾದುದು. ಖಾದಿ ಗ್ರಾಮೋದ್ಯೋಗದವರು ಕುಂಬಾರಿಕೆಯ ಕೇಂದ್ರ ಸಂಸ್ಥೆಯನ್ನು ಅಲ್ಲಿಯೇ ಸ್ಥಾಪಿಸಿದರು. ಹಸಿಯ ಗಡಿಗೆ ಬಿರಿದರೆ ಕೆಸರು ಸವರಿ ಕೂಡಿಸಬಹುದು. ಸುಟ್ಟ ಗಡಿಗೆ ಬಿರಿದರೆ ಕೆಸರಿನಿಂದ ಫಲವಿಲ್ಲ. ಎಪಾಕ್ಸಿಗೂ ಹಸಿಯ ಗಳಿಗೆಯೊಂದಿದೆ. ಕೆಲಸವೆಲ್ಲ ಆ ಗಳಿಗೆಯಲ್ಲಿ ಮುಗಿಯಬೇಕು.

ವಿಚಿತ್ರವೆಂದರೆ, ವರಾಹಮಿಹಿರನು ಕರಿಗೇರನ್ನು ಹೇಳಿದನಷ್ಟೆ. ಅದೇ ಕುಲದ ಗೋಡಂಬಿಯ ಚಿಪ್ಪಿನ ಎಣ್ಣೆಯಿಂದ ಇಂದು ಎಪಾಕ್ಸಿಯನ್ನು ಗಟ್ಟಿಮಾಡುವ ದ್ರವ್ಯಗಳನ್ನು ತಯಾರಿಸುತ್ತಾರೆ. ತೇವದಲ್ಲಿಯೂ ತಂಪಿನಲ್ಲಿಯೂ ಅವು ಚೆನ್ನಾಗಿ ಹಿಡಿಯುತ್ತವೆ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಎರಕದ ಕಾರ್ಖಾನೆಗಳನ್ನು ಕಂಡವರಿಗೆ ಇನ್ನೊಂದು ಮಾತು ತಿಳಿದಿರುತ್ತದೆ. ಎರಕ ಹೊಯ್ದ ಲೋಹದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಎಣ್ಣೆಯ ಒತ್ತಡ ಬಿದ್ದಾಗ ಲೋಹವೇ ಬೆವರುತ್ತದೆ. ಗಾಳಿಯನ್ನು ಹೊರಗೆಳೆದು ಆ ರಂಧ್ರಗಳಿಗೆ ರಾಳವನ್ನು ಊಡಿಸುವುದು ಎರಕದ ಉದ್ಯಮದಲ್ಲಿ ಅಂಗೀಕೃತವಾದ ಕ್ರಮ. ಎಂದಮೇಲೆ ರಾಳದಿಂದ ಮುಚ್ಚುವುದು ಕೇವಲ ಬಡವನ ತೇಪೆಯಲ್ಲ. ಕ್ರಮವರಿತು ಮಾಡಿದರೆ ಅದೂ ಶಾಸ್ತ್ರವೇ.

ಆ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಂಜಿನ್ ಆರಲಿ. ಸೋರುವ ಎಣ್ಣೆಯನ್ನು ಪೂರ್ತಿ ಇಳಿಸಿರಿ. ಒಸರುವ ಬಾಯಿಯ ಮೇಲೆ ಯಾವ ಲೇಪವೂ ನಿಲ್ಲದು. ಜಿಡ್ಡನ್ನು ತೊಳೆದು ಒರೆಸಿ ಒಣಗಿಸಿರಿ. ಉಸುಕಿನ ಕಾಗದದಿಂದ ಲೋಹವು ಹೊಳೆಯುವವರೆಗೆ ತಿಕ್ಕಿರಿ. ನುಣುಪಿನ ಮೇಲೆ ಹಿಡಿತವಿಲ್ಲ, ಗೀರಿನ ಮೇಲೆ ಹಿಡಿತವುಂಟು. ಕಂಪನಿ ಹೇಳಿದ ಪ್ರಮಾಣದಲ್ಲಿಯೇ ಎರಡನ್ನೂ ತೆಗೆದುಕೊಂಡು, ಒಂದೇ ಬಣ್ಣವಾಗುವವರೆಗೆ ನಾದಿರಿ. ಗಟ್ಟಿಮಾಡುವುದನ್ನು ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿಯಾಗುವುದಿಲ್ಲ, ಬಲ ಕುಂದುತ್ತದೆ. ಸೀಳಿನೊಳಕ್ಕೆ ಇಳಿಯುವಂತೆ ಒತ್ತಿ, ಸುತ್ತಲೂ ಬೆರಳಗಲ ಹರಡಿರಿ. ಸಾಧ್ಯವಾದರೆ ಒಂದು ರಾತ್ರಿ ಬಿಡಿರಿ. ಬರಿಗೈಯಿಂದ ನಾದಬಾರದು, ಕೆಲವರ ಚರ್ಮಕ್ಕೆ ತುರಿಕೆಯ ಬೇನೆ ಹತ್ತುತ್ತದೆ.

ಮಿತಿಗಳನ್ನೂ ಹೇಳದಿದ್ದರೆ ಲೇಖನವು ಅಪಾಯಕಾರಿಯಾದೀತು. ಮನೆಬಳಕೆಯ ಸಾಮಾನ್ಯ ಎಪಾಕ್ಸಿ ನೂರು ಡಿಗ್ರಿ ಮುಟ್ಟುವ ಮೊದಲೇ ಮೆತ್ತಗಾಗತೊಡಗುತ್ತದೆ. ಎಂಜಿನ್ನಿನ ನೀರಿನ ಕಾವೇ ತೊಂಬತ್ತರ ಸುಮಾರಿನಲ್ಲಿರುತ್ತದೆ. ಕಾವಿಗೆ ಅಲ್ಯೂಮಿನಿಯಂ ಹಿಗ್ಗುವುದಕ್ಕಿಂತ ಎಪಾಕ್ಸಿ ಎರಡು ಪಟ್ಟಿನಷ್ಟು ಹಿಗ್ಗುತ್ತದೆ. ನಿತ್ಯವೂ ಕಾದು ಆರುವ ಜಾಗದಲ್ಲಿ ಇಬ್ಬರ ಜಗಳ ಕೊನೆಗೆ ಬಿರುಕಾಗುತ್ತದೆ. ಹೆಚ್ಚು ಕಾವನ್ನು ತಾಳುವ ಜಾತಿಗಳೂ ಇವೆ. ಅವನ್ನು ಕೇಳಿ ಕೊಳ್ಳಬೇಕು. ಬ್ರೇಕಿನ ಎಣ್ಣೆಯ ನಳಿಗೆ, ಸ್ಟಿಯರಿಂಗಿನ ಭಾಗಗಳಿಗೆ, ಪೆಟ್ರೋಲು ಮತ್ತು ಗ್ಯಾಸಿನ ನಳಿಗೆಗಳಿಗೆ ಇದನ್ನು ಎಂದಿಗೂ ಬಳಸಬಾರದು. ಅವುಗಳಿಗೆ ತೇಪೆಯಿಲ್ಲ, ಹೊಸದನ್ನು ಹಾಕಿಸುವುದೊಂದೇ ದಾರಿ.

ವಾಚಕರೇ, ಇಲ್ಲಿ ಒಂದು ವಿಚಾರಕ್ಕೆ ನಾವು ಬಂದು ನಿಲ್ಲುತ್ತೇವೆ. ತೇಪೆ ಹಾಕುವುದು ತಪ್ಪಲ್ಲ. ನಮ್ಮ ಅಜ್ಜಿಯರು ಕಲಾಯಿ ಮಾಡಿಸಿ ಮಾಡಿಸಿ ಒಂದೇ ಹಂಡೆಯನ್ನು ಮೂರು ತಲೆಮಾರಿಗೆ ನಡೆಸಿದರು. ಮುರಿದುದನ್ನೆಲ್ಲ ತಿಪ್ಪೆಗೆಸೆದು ಹೊಸದನ್ನು ತರುವ ರೂಢಿಗಿಂತ ಅದು ಎಷ್ಟೋ ಮೇಲು. ತಪ್ಪಾಗುವುದು ತೇಪೆಯನ್ನು ಮರೆಮಾಚಿದಾಗ. ಎಣ್ಣೆತೊಟ್ಟಿಗೆ ಮುದ್ದೆ ಮೆತ್ತಿ, ಮೇಲೆ ಬಣ್ಣ ಬಳಿದು, ಏನೂ ಆಗಿಲ್ಲವೆಂದು ಗಾಡಿಯನ್ನು ಮಾರಿದರೆ, ಕೊಂಡವನ ಹೆಂಡತಿ ಮಕ್ಕಳು ಆ ಗಾಡಿಯಲ್ಲಿ ಘಟ್ಟ ಇಳಿಯುತ್ತಾರೆ. ಎಣ್ಣೆ ಬಸಿದ ಎಂಜಿನ್ನು ಮಳೆಯ ರಾತ್ರಿ ತಿರುವಿನಲ್ಲಿ ಹಿಡಿದು ನಿಂತರೆ, ಆ ಪಾಪ ಮುದ್ದೆಯದಲ್ಲ. ಹಲಸಿಯ ಅರಸರ ಕಾಲದಲ್ಲಿ ಉಂಗುರದ ಬೆಸುಗೆಯು ‘ಇದು ನಿಜ’ ಎಂದು ಸಾರುತ್ತಿತ್ತು. ನಮ್ಮ ಕಾಲದ ಬೆಸುಗೆಯೂ ಅಷ್ಟನ್ನೇ ಸಾರಲಿ. ಎಲ್ಲಿ ತೇಪೆ ಹಾಕಿದೆ, ಎಂದು ಹಾಕಿದೆ ಎಂಬುದನ್ನು ಗಾಡಿಯ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿರಿ. ಕೊಳ್ಳುವವನು ಕೇಳಿದರೂ ಹೇಳಿರಿ, ಕೇಳದಿದ್ದರೂ ಹೇಳಿರಿ.