ಚಟುವಟಿಕೆಯ ಗುಣಕ: ಸಮುದಾಯದ ಲೆಕ್ಕ ವ್ಯಕ್ತಿಯ ತಟ್ಟೆಗೆ ಬಂದ ಬಗೆ

ತೂಕ ಇಳಿಸಲು ಕ್ಯಾಲೊರಿ ಎಣಿಸುವವರು ಮೊದಲು ಮೂಲ ಚಯಾಪಚಯ ದರವನ್ನು, ಎಂದರೆ ವಿಶ್ರಾಂತಿಯಲ್ಲಿ ದೇಹ ವ್ಯಯಿಸುವ ಶಕ್ತಿಯನ್ನು, ಲೆಕ್ಕ ಹಾಕುತ್ತಾರೆ. ಬಳಿಕ ಅದನ್ನು ಚಟುವಟಿಕೆಯ ಗುಣಕದಿಂದ ಗುಣಿಸುತ್ತಾರೆ. ಈ ಎರಡನೆಯ ಸಂಖ್ಯೆ ರೂಪುಗೊಂಡದ್ದು ಒಬ್ಬರ ತೂಕ ಇಳಿಸಲಿಕ್ಕಲ್ಲ, ದೇಶಗಳ ಆಹಾರದ ಅಗತ್ಯವನ್ನು ಅಂದಾಜಿಸಲಿಕ್ಕೆ. ಇಂದಿನ ಗೊಂದಲದ ಬಹುಪಾಲು ಇಲ್ಲಿಂದಲೇ ಹುಟ್ಟಿದೆ ಎಂಬುದು ಈ ಲೇಖನದ ವಾದ.

ಮೂಲ ದರದ ಚರಿತ್ರೆ ಹೆಚ್ಚು ಸ್ಪಷ್ಟ. ಅಮೆರಿಕದ ಹ್ಯಾರಿಸ್ ಮತ್ತು ಬೆನೆಡಿಕ್ಟ್ 1919ರಲ್ಲಿ 136 ಪುರುಷರು ಹಾಗೂ 103 ಮಹಿಳೆಯರ ಅಳತೆಗಳಿಂದ ತಮ್ಮ ಸೂತ್ರಗಳನ್ನು ಕಟ್ಟಿದರು. ಖಾಲಿ ಹೊಟ್ಟೆಯಲ್ಲಿ ಅಲುಗಾಡದೆ ಮಲಗಿದವರ ಅಳತೆ ಅದು. ಎದ್ದು ಓಡಾಡುವ ದೇಹದ ಖರ್ಚಿಗೆ ಬೇರೆ ದಾರಿ ಬೇಕಿತ್ತು. ಆಕ್ಸ್‌ಫರ್ಡ್‌ನ ಡಗ್ಲಸ್ 1911ರಲ್ಲೇ ಬೆನ್ನಿಗೆ ಹೊರುವ ಚೀಲದಲ್ಲಿ ಉಸಿರನ್ನು ಸಂಗ್ರಹಿಸುವ ವಿಧಾನವನ್ನು ವಿವರಿಸಿದ್ದರು. ಇಂಥ ಉಪಕರಣಗಳಿಂದ ದೊರೆತ ಅಳತೆಗಳನ್ನು ಪ್ಯಾಸ್‌ಮೋರ್ ಮತ್ತು ಡರ್ನಿನ್ 1955ರಲ್ಲಿ ಒಂದೆಡೆ ಕಲೆಹಾಕಿದರು. ನಡಿಗೆ, ಅಗೆತ, ಮನೆಗೆಲಸ ಎಲ್ಲಕ್ಕೂ ನಿಮಿಷದ ಲೆಕ್ಕ ಸಿಕ್ಕಿತು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ (ಡಬ್ಲ್ಯುಎಚ್‌ಒ) 1973ರ ವರದಿ 65 ಕಿಲೊ ತೂಕದ ಮಾದರಿ ಪುರುಷನಿಗೆ ಹಗುರ ಚಟುವಟಿಕೆಗೆ 2700, ಮಧ್ಯಮಕ್ಕೆ 3000, ಹೆಚ್ಚಿನದಕ್ಕೆ 3500 ಕಿಲೊಕ್ಯಾಲೊರಿ ಎಂದು ನಿಗದಿಮಾಡಿತು. 1985ರ ವರದಿಯಲ್ಲಿ ಈ ಅಗತ್ಯಗಳು ಮೂಲ ದರದ ಗುಣಕಗಳಾದವು: ಪುರುಷರಿಗೆ 1.55, 1.78, 2.10, ಮಹಿಳೆಯರಿಗೆ 1.56, 1.64, 1.82. ವರ್ಗೀಕರಣಕ್ಕೆ ಮುಖ್ಯ ಆಧಾರ ಉದ್ಯೋಗ. ಗದ್ದೆಯಲ್ಲಿ ದುಡಿಯುವವರನ್ನೂ ಕಚೇರಿಯಲ್ಲಿ ಕೂರುವವರನ್ನೂ ಬೇರ್ಪಡಿಸಲು ಅದು ಸಾಕಿತ್ತು. ಒಂದೇ ಕಚೇರಿಯ ಇಬ್ಬರ ನಡುವಿನ ವ್ಯತ್ಯಾಸ ಅದರ ಗುರಿಯೇ ಆಗಿರಲಿಲ್ಲ.

ಈ ಚರಿತ್ರೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್, ಅನುರಾ ಕುರ್ಪಾಡ್ ಮೊದಲಾದವರು ನಡೆಸಿದ ಅಧ್ಯಯನಗಳು ಅಂತರರಾಷ್ಟ್ರೀಯ ಸೂತ್ರಗಳು ಭಾರತೀಯರ ಮೂಲ ದರವನ್ನು ಹೆಚ್ಚಾಗಿ ಅಂದಾಜಿಸುತ್ತವೆ ಎಂದು ತೋರಿಸಿದವು. ಅದೇ ಸಂಸ್ಥೆಯ ಮಾರಿಯೊ ವಾಜ್ ಮತ್ತು ಸಹ ಸಂಶೋಧಕರು 2005ರಲ್ಲಿ ಹಲವು ದೈಹಿಕ ಕೆಲಸಗಳ ಶಕ್ತಿವ್ಯಯದ ಸಂಕಲನವನ್ನು ಪ್ರಕಟಿಸಿದರು. ಗುಣಿಸಬೇಕಾದ ಮೊದಲ ಸಂಖ್ಯೆಯೇ ದೊಡ್ಡದಾದರೆ ಗುಣಕ ಎಷ್ಟೇ ಸರಿಯಿದ್ದರೂ ಉತ್ತರ ತಪ್ಪುತ್ತದೆ. ಈ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಾಮಾನ್ಯ ಓದುಗರಲ್ಲಿ ಸಿಕ್ಕಿಲ್ಲ ಎಂಬ ಬೇಸರ ನನ್ನದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2010ರಲ್ಲಿ 60 ಕಿಲೊ ತೂಕದ ಪುರುಷನಿಗೆ, ಕೂತು ಕೆಲಸ ಮಾಡುವವನಾದರೆ, 2320 ಕಿಲೊಕ್ಯಾಲೊರಿ ಇತ್ತು. 2020ರಲ್ಲಿ ಮಾದರಿ ತೂಕ 65 ಕಿಲೊಗೆ ಏರಿದರೂ ಆ ಅಗತ್ಯ 2110ಕ್ಕೆ ಇಳಿಯಿತು. ಮಧ್ಯಮ ಚಟುವಟಿಕೆಗೆ 2710. ಎರಡು ವರ್ಗಗಳ ನಡುವೆ 600ರ ಅಂತರ! ತೂಕ ಇಳಿಸಲು ದಿನಕ್ಕೆ 500 ಕಡಿತ ಮಾಡುವುದು ರೂಢಿ. ಕೂತು ದುಡಿಯುವವರು ಸಂಜೆಯ ಸಣ್ಣ ನಡಿಗೆಯನ್ನು ನೆನೆದು ‘ಮಧ್ಯಮ’ವನ್ನು ಆರಿಸಿದರೆ ಆ ಕಡಿತವೆಲ್ಲ ಒಂದೇ ಆಯ್ಕೆಯಲ್ಲಿ ಕರಗಿಹೋಗುತ್ತದೆ.

ಸ್ವಂತ ಅಂದಾಜನ್ನು ಪರೀಕ್ಷಿಸುವ ಸಾಧನವೂ ಅಷ್ಟರಲ್ಲಿ ಬಂದಿತ್ತು. ಗುರುತು ಮಾಡಿದ ಹೈಡ್ರೋಜನ್ ಮತ್ತು ಆಮ್ಲಜನಕವಿರುವ ನೀರನ್ನು ಕುಡಿಸಿ, ಅವೆರಡೂ ದೇಹದಿಂದ ಹೊರಹೋಗುವ ವೇಗದ ವ್ಯತ್ಯಾಸದಿಂದ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯನ್ನು, ಅದರಿಂದ ಒಟ್ಟು ಶಕ್ತಿವ್ಯಯವನ್ನು, ಲೆಕ್ಕ ಹಾಕುವ ವಿಧಾನವದು. ಲಿಫ್ಸನ್ ಪ್ರಾಣಿಗಳಲ್ಲಿ ಬಳಸಿದ ಇದನ್ನು ಶೋಲರ್ ಮತ್ತು ವಾನ್ ಸಾಂಟೆನ್ 1982ರಲ್ಲಿ ಮನುಷ್ಯರಿಗೆ ಅನ್ವಯಿಸಿದರು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯದು ಎನ್ನುತ್ತಿದ್ದವರ ಮೇಲೆ ನ್ಯೂಯಾರ್ಕಿನಲ್ಲಿ ನಡೆದ 1992ರ ಲಿಕ್ಟ್‌ಮನ್ ಅಧ್ಯಯನ ಇದೇ ನೀರಿನ ನೆರವಿನಿಂದ ಕಂಡುಕೊಂಡದ್ದು: ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ವರದಿ ಮಾಡಿದ್ದರು. ಇದನ್ನು ಸುಳ್ಳೆಂದು ಜರೆಯುವುದು ಅನ್ಯಾಯ. ದಣಿವು ನೆನಪಿನಲ್ಲಿ ಉಳಿಯುತ್ತದೆ, ಕೂತ ಗಂಟೆಗಳು ಉಳಿಯುವುದಿಲ್ಲ.

ಹೀಗಾಗಿ ಪಟ್ಟಿಯ ಗುಣಕವನ್ನು ತಾತ್ಕಾಲಿಕ ಊಹೆಯಾಗಿ ಹಿಡಿದು, ಕೆಳಗಿನ ವರ್ಗದಿಂದ ಆರಂಭಿಸುವುದೇ ಯುಕ್ತ. ಕೆಲವು ವಾರ ಊಟವನ್ನು ತೂಗಿ ಬರೆದಿಟ್ಟರೆ ಲೆಕ್ಕವನ್ನು ಹಿಂದಿನಿಂದಲೂ ಮಾಡಬಹುದು: ಮೂಲ ದರ 1500 ಇರುವವರ ತೂಕ ಸರಾಸರಿ 2100 ಕಿಲೊಕ್ಯಾಲೊರಿಯಲ್ಲಿ ಸ್ಥಿರವಾಗಿದ್ದರೆ, ಅವರ ಗುಣಕ 1.4.