ಮ್ಯಾಟ್ ಪ್ರಿಡಿಸ್: ವೇಗವಿಲ್ಲ ಎಂದವರ ಮುಂದೆ ಬ್ರೌನ್‌ಲೋ ಪದಕ ಗೆದ್ದ ಶ್ರಮಜೀವಿ

ಆಸ್ಟ್ರೇಲಿಯಾ ಎಂದಾಕ್ಷಣ ನಮಗೆ ನೆನಪಾಗುವುದು ಕ್ರಿಕೆಟ್. ಆದರೆ ಮೆಲ್ಬೋರ್ನ್ ಕ್ರಿಕೆಟ್ ಮೈದಾನ (ಎಂಸಿಜಿ) ಅತಿ ಹೆಚ್ಚು ತುಂಬಿ ತುಳುಕುವುದು 'ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್' ಫೈನಲ್ ದಿನ. ಈ ಆಟದ ರಾಷ್ಟ್ರೀಯ ಲೀಗ್ ಎಎಫ್‌ಎಲ್‌ನಲ್ಲಿ ಬೆವರು ಸುರಿಸಿಯೇ ಹೆಸರು ಮಾಡಿದ ಮಿಡ್‌ಫೀಲ್ಡರ್ ಮ್ಯಾಟ್ ಪ್ರಿಡಿಸ್.

ಏನಿದು ಆಟ?

ಅಂಡಾಕಾರದ ಮೈದಾನ, ಅಂಡಾಕಾರದ ಚೆಂಡು, ತಂಡಕ್ಕೆ 18 ಆಟಗಾರರು. ಚೆಂಡನ್ನು ಒದೆಯಬಹುದು, ಇಲ್ಲವೇ ಅಂಗೈಯಲ್ಲಿಟ್ಟು ಮುಷ್ಟಿಯಿಂದ ಗುದ್ದಿ ಸಹ ಆಟಗಾರನಿಗೆ ದಾಟಿಸಬಹುದು; ಎಸೆಯುವಂತಿಲ್ಲ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಕಂಬಗಳ ನಡುವೆ ಹೋದರೆ 1 ಅಂಕ. ಎದುರಾಳಿಯನ್ನು ಹಿಡಿದು ನಿಲ್ಲಿಸುವುದೇ ಟ್ಯಾಕಲ್. ಗುಂಪಿನೊಳಗೆ ನುಗ್ಗಿ ಚೆಂಡು ಹೆಕ್ಕುವುದು, ಮತ್ತೆ ಓಡಿ ಬಂದು ಟ್ಯಾಕಲ್ ಮಾಡುವುದು ಮಿಡ್‌ಫೀಲ್ಡರ್‌ನ ಕೆಲಸ.

ತಡವಾಗಿ ತೆರೆದ ಬಾಗಿಲು

1985ರಲ್ಲಿ ಜನಿಸಿದ ಪ್ರಿಡಿಸ್, ಪಶ್ಚಿಮ ಆಸ್ಟ್ರೇಲಿಯಾದ ರಾಜ್ಯ ಲೀಗ್‌ನಲ್ಲಿ ಸುಬಿಯಾಕೊ ಕ್ಲಬ್ ಪರ ಆಡುತ್ತಿದ್ದರು. ಎಎಫ್‌ಎಲ್‌ ಕ್ಲಬ್‌ಗಳು ಹೊಸಬರನ್ನು ಆಯ್ಕೆ ಮಾಡುವ ಡ್ರಾಫ್ಟ್‌ನಲ್ಲಿ ಅವರ ಹೆಸರು ಹಲವು ಬಾರಿ ಬರಲೇ ಇಲ್ಲ. ಓಟದಲ್ಲಿ ವೇಗ ಸಾಲದು, ಒದೆತದಲ್ಲಿ ಅಂದವಿಲ್ಲ ಎಂಬುದು ಅವರ ಮೇಲಿದ್ದ ಆಕ್ಷೇಪ. ಕೊನೆಗೆ ಪರ್ತ್‌ನ ವೆಸ್ಟ್ ಕೋಸ್ಟ್ ಈಗಲ್ಸ್ ಅವರನ್ನು ರೂಕಿ ಪಟ್ಟಿಗೆ, ಅಂದರೆ ಮುಖ್ಯ ತಂಡದ ಹೊರಗಿನ ಹೆಚ್ಚುವರಿ ಆಟಗಾರರ ಸಾಲಿಗೆ ಸೇರಿಸಿಕೊಂಡಿತು.

ಆಗ ಆ ತಂಡದ ಮಿಡ್‌ಫೀಲ್ಡ್‌ನಲ್ಲಿ ಕ್ರಿಸ್ ಜಡ್, ಬೆನ್ ಕಸಿನ್ಸ್ ಅವರಂಥ ದಿಗ್ಗಜರಿದ್ದರು. ಜಾಗ ಸಿಗುವುದು ಸುಲಭವಿರಲಿಲ್ಲ. 2006ರಲ್ಲಿ ಪ್ರಿಡಿಸ್ ಎಎಫ್‌ಎಲ್‌ಗೆ ಪದಾರ್ಪಣೆ ಮಾಡಿದರು. ಅದೇ ವರ್ಷ ರಾಜ್ಯ ಲೀಗ್‌ನ ಶ್ರೇಷ್ಠ ಆಟಗಾರನಿಗೆ ನೀಡುವ ಸ್ಯಾಂಡೋವರ್ ಪದಕವನ್ನೂ ಗೆದ್ದರು. ವೆಸ್ಟ್ ಕೋಸ್ಟ್ ಅಂದು ಸಿಡ್ನಿಯನ್ನು ಕೇವಲ 1 ಅಂಕದಿಂದ ಸೋಲಿಸಿ ಚಾಂಪಿಯನ್ ಆಯಿತು. ಆದರೆ ಆ ಫೈನಲ್ ತಂಡದಲ್ಲಿ ಪ್ರಿಡಿಸ್ ಇರಲಿಲ್ಲ.

2007ರ ನಂತರ ಜಡ್ ಮತ್ತು ಕಸಿನ್ಸ್ ಇಬ್ಬರೂ ಕ್ಲಬ್‌ನಲ್ಲಿ ಉಳಿಯಲಿಲ್ಲ. 2010ರಲ್ಲಿ ತಂಡ ಪಟ್ಟಿಯ ಕೊನೆಯ ಸ್ಥಾನಕ್ಕೆ ಕುಸಿಯಿತು. ಆ ಕಷ್ಟದ ದಿನಗಳಲ್ಲೂ ನಡುಮೈದಾನದ ಭಾರ ಹೊತ್ತವರಲ್ಲಿ ಪ್ರಿಡಿಸ್ ಪ್ರಮುಖರು. 2013ರಲ್ಲಿ ಕ್ಲಬ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಜಾನ್ ವರ್ಸ್‌ಫೋಲ್ಡ್ ಪದಕ ಅವರ ಪಾಲಾಯಿತು.

ಅಚ್ಚರಿಯ ರಾತ್ರಿ

ಪ್ರತಿ ಪಂದ್ಯದ ಬಳಿಕ ಅಂಪೈರ್‌ಗಳು ಮೂವರು ಉತ್ತಮ ಆಟಗಾರರಿಗೆ 3, 2, 1 ಮತ ನೀಡುತ್ತಾರೆ. ಋತುವಿನ ಕೊನೆಗೆ ಹೆಚ್ಚು ಮತ ಪಡೆದವರಿಗೆ ಬ್ರೌನ್‌ಲೋ ಪದಕ. 2014ರಲ್ಲಿ 26 ಮತಗಳೊಂದಿಗೆ ಗೆದ್ದದ್ದು ಪ್ರಿಡಿಸ್. ಆ ವರ್ಷದ ಆಲ್-ಆಸ್ಟ್ರೇಲಿಯನ್ ತಂಡದಲ್ಲಿ ಅವರಿಗೆ ಸ್ಥಾನವೇ ಸಿಕ್ಕಿರಲಿಲ್ಲ! 25 ಮತ ಪಡೆದಿದ್ದ ನ್ಯಾಟ್ ಫೈಫ್, ಅಮಾನತು ಶಿಕ್ಷೆಯಿಂದಾಗಿ ಪದಕಕ್ಕೆ ಅನರ್ಹರಾಗಿದ್ದರು. ಆದರೆ ಪ್ರಿಡಿಸ್ ಅವರ ಮತಗಳೇ ಹೆಚ್ಚಿದ್ದ ಕಾರಣ ಗೆಲುವಿನ ಬಗ್ಗೆ ತಕರಾರಿಗೆ ಎಡೆಯಿರಲಿಲ್ಲ.

ಅದು ಅದೃಷ್ಟದಾಟವಲ್ಲ ಎಂಬುದು ಮರುವರ್ಷವೇ ಸಾಬೀತಾಯಿತು. 2015ರಲ್ಲಿ ಫೈಫ್ 31 ಮತಗಳೊಂದಿಗೆ ಗೆದ್ದರೆ, ಪ್ರಿಡಿಸ್ 28 ಮತ ಪಡೆದು ಎರಡನೆಯವರಾದರು. ಆಲ್-ಆಸ್ಟ್ರೇಲಿಯನ್ ಗೌರವವೂ ಆ ವರ್ಷ ಒಲಿಯಿತು.

ಕೈಗೆಟುಕದ ಕಿರೀಟ

2015ರ ಫೈನಲ್ ತಲುಪಿದ ವೆಸ್ಟ್ ಕೋಸ್ಟ್, ಎಂಸಿಜಿಯಲ್ಲಿ ಹಾಥಾರ್ನ್ ಎದುರು 46 ಅಂಕಗಳಿಂದ ಸೋತಿತು. 2017ರಲ್ಲಿ, ಒಂದೇ ಕ್ಲಬ್ ಪರ 240 ಪಂದ್ಯ ಮುಗಿಸಿ ಪ್ರಿಡಿಸ್ ನಿವೃತ್ತರಾದರು. ಮರುವರ್ಷವೇ, 2018ರಲ್ಲಿ, ವೆಸ್ಟ್ ಕೋಸ್ಟ್ ಮತ್ತೆ ಚಾಂಪಿಯನ್ ಆಯಿತು.

ಅವರು ಬಂದ ವರ್ಷ ಒಂದು ಕಿರೀಟ, ಹೋದ ಮರುವರ್ಷ ಇನ್ನೊಂದು. ನಡುವಿನ ಹನ್ನೊಂದು ವರ್ಷ ದುಡಿದ ಪ್ರಿಡಿಸ್‌ಗೆ ಆ ಕಿರೀಟ ದಕ್ಕಲಿಲ್ಲ. ಆದರೆ ರೂಕಿ ಪಟ್ಟಿಯಿಂದ ಬಂದು ಆಟದ ಅತ್ಯುನ್ನತ ವೈಯಕ್ತಿಕ ಗೌರವ ಪಡೆದ ಅವರ ಹಾದಿ, ಆಯ್ಕೆಗಾರರು ಅಳೆಯಲಾಗದ ಗುಣವೊಂದಿದೆ ಎಂಬುದಕ್ಕೆ ಸಾಕ್ಷಿ. ಆ ಗುಣವೇ ದುಡಿಮೆ.